ಆ ದುಡ್ಡು ನಿಮಗೇ ಮಾರಾಯ್ತಿ

ಚೀಲದಲ್ಲಿ ಬಿಲ್ಲು ತುಂಬಿಕೊಂಡು ಬರುವವರನ್ನು ನಾನು ಬೈಯುವುದಿಲ್ಲ. ತಂದರಲ್ಲ, ಅದೇ ದೊಡ್ಡದು. ಮಾರ್ಚ್ ಕೊನೆಯಲ್ಲಿ ಪುಣೆಯ ಯೆರವಡಾದಿಂದ ಇಬ್ಬರು ಹುಡುಗಿಯರು ಮಾಟುಂಗಾದ ನನ್ನ ಆಫೀಸಿಗೆ ಬಂದರು. ಸೀರೆ ಅಂಗಡಿಯ ಚೀಲವೊಂದನ್ನು ನನ್ನ ಮೇಜಿನ ಮೇಲೆ ಸುರಿದರು. ಅವರು ನಡೆಸುವ ಸಣ್ಣ ಸಂಸ್ಥೆಯ ಒಂದು ವರ್ಷದ ಲೆಕ್ಕ. ಅದರಲ್ಲಿ ಅರ್ಧ ಬರೀ ಬಿಳಿ ಚೀಟಿಗಳು. ಮಷಿನ್ ಬಿಲ್ಲಿನ ಅಕ್ಷರ ನಾಲ್ಕು ತಿಂಗಳ ಸೆಕೆಗೆ ಹಾರಿಹೋಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ ಎಂದು ಎಷ್ಟು ಸಲ ಹೇಳಿದ್ದೇನೋ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. 'ಧನ್ಯವಾದ' ಅನ್ನುವುದಷ್ಟೇ ಓದಲು ಬಂತು.

ಓದಲು ಬಂದ ಬಿಲ್ಲುಗಳಲ್ಲಿ ಇದ್ದದ್ದು ಇಷ್ಟು. ಹಾಲ್ ಬಾಡಿಗೆ. 120 ಊಟ, ಅಡುಗೆಯವನಿಗೆ 18,000 ನಗದು. ಬ್ಯಾನರ್. 80 ಟೀ ಶರ್ಟ್. ಇದಕ್ಕೆಲ್ಲ ದುಡ್ಡು ಬಂದದ್ದು ದಾನಿಗಳು ಕೊಟ್ಟ ಗ್ರಾಂಟಿನಿಂದ. ಗ್ರಾಂಟಿನ ಹೆಸರು ಸಾಮರ್ಥ್ಯವರ್ಧನೆ, ಮೊತ್ತ 6 ಲಕ್ಷ. ಸಂಸ್ಥೆಯಲ್ಲಿ ಲೆಕ್ಕ ಬರೆಯುವವರಿಲ್ಲ, ಬೀಗ ಹಾಕುವ ಕಪಾಟಿಲ್ಲ, ಯಾರಿಗೂ ಸಂಬಳವಿಲ್ಲ.

"ಲೆಕ್ಕಕ್ಕೆ ಒಬ್ಬರನ್ನ ಯಾಕೆ ಇಟ್ಟುಕೊಳ್ಳಲಿಲ್ಲ?" ಎಂದು ಕೇಳಿದೆ.

ಅಧ್ಯಕ್ಷೆಗೆ ಇಪ್ಪತ್ಮೂರು ವರ್ಷ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಅವಳು ಸ್ವಲ್ಪ ನೊಂದುಕೊಂಡೇ ಹೇಳಿದಳು: "ಅಕ್ಕಾರ, ಅದು ನಮ್ಮ ರೊಕ್ಕ ಅಲ್ರಿ. ಹುಡುಗ್ಯಾರ ರೊಕ್ಕ. ನಾವ್ ಹ್ಯಾಂಗ್ ತಿನ್ನೋದು?"

"ಆ ದುಡ್ಡು ನಿಮಗೇ ಮಾರಾಯ್ತಿ!" ಎಂದು ನಾನು ಕೂಗಿದ್ದು ಪಕ್ಕದ ಆಫೀಸಿಗೂ ಕೇಳಿಸಿರಬೇಕು.

ಇಪ್ಪತ್ತು ವರ್ಷದಿಂದ ನಾನು ಸಣ್ಣ ಸಂಸ್ಥೆಗಳ ಲೆಕ್ಕ ನೋಡುತ್ತಿದ್ದೇನೆ. ಹೆಣ್ಣುಮಕ್ಕಳ ಹಕ್ಕು, ಮನೆಯೊಳಗಿನ ಹಿಂಸೆ, ಬಾಲ್ಯವಿವಾಹ ಅಂತ ಕೆಲಸ ಮಾಡುವ ಯುವಕ ಯುವತಿಯರ ಗುಂಪುಗಳೇ ಜಾಸ್ತಿ. ಬುದ್ಧಿವಂತರು, ಪ್ರಾಮಾಣಿಕರು. ತಪ್ಪು ಮಾತ್ರ ಎಲ್ಲರದೂ ಒಂದೇ. ಸಾಮರ್ಥ್ಯವರ್ಧನೆ ಅಂದ ಕೂಡಲೇ ಅವರಿಗೆ ತರಬೇತಿ ಶಿಬಿರ ಅಂತಲೇ ಕೇಳಿಸುತ್ತದೆ. ಬಸ್ತಿಯ, ಅಂದರೆ ಕೊಳೆಗೇರಿಯ, ಹುಡುಗಿಯರ ಸಾಮರ್ಥ್ಯ, ಅಂಗನವಾಡಿಯವರ ಸಾಮರ್ಥ್ಯ, ಪೊಲೀಸರ ಸಾಮರ್ಥ್ಯ. ಕೇಳಿಸದೇ ಇರುವುದು ತಮ್ಮದೊಂದೇ.

ಇದನ್ನೇ ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾರ್ಯಕ್ರಮದ ಗ್ರಾಂಟ್ ಬೇರೆ, ಸಾಮರ್ಥ್ಯವರ್ಧನೆಯ ಗ್ರಾಂಟ್ ಬೇರೆ. ಮೊದಲನೆಯದು ನೀವು ಯಾರಿಗಾಗಿ ಕೆಲಸ ಮಾಡುತ್ತೀರೋ ಅವರಿಗೆ. ಎರಡನೆಯದು ನಿಮ್ಮ ಸಂಸ್ಥೆಗೆ. ಅಂದರೆ ನಿಮ್ಮ ಲೆಕ್ಕಪತ್ರಕ್ಕೆ, ನಿಮ್ಮ ಸಂಬಳಕ್ಕೆ, ನಿಮ್ಮ ಕಂಪ್ಯೂಟರಿಗೆ, ನಿಮ್ಮ ಕಾನೂನು ಕಾಗದಗಳಿಗೆ, ನೀವು ಕಲಿಯಬೇಕಾದ್ದಕ್ಕೆ. ಆ 6 ಲಕ್ಷವನ್ನೇ ತೆಗೆದುಕೊಳ್ಳಿ. ಅರ್ಧ ದಿನ ಬರುವ ಲೆಕ್ಕಿಗನಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಒಬ್ಬ ಸಂಯೋಜಕಿಗೆ 15,000ದಂತೆ 1,80,000. ಕೋಣೆ ಬಾಡಿಗೆ 72,000. ಆಡಿಟ್, ವಕೀಲರು, ನೋಂದಣಿ ಕಾಗದ ಎಲ್ಲ ಸೇರಿ 60,000. ಲ್ಯಾಪ್‌ಟಾಪ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಕಪಾಟಿಗೆ 70,000. ಇನ್ನೂ 74,000 ಉಳಿಯಿತು. ಅದರಲ್ಲಿ ನೀವೇ ಎಲ್ಲಾದರೂ ಹೋಗಿ ಕಲಿತು ಬನ್ನಿ. ಇದರಲ್ಲಿ ಟೀ ಶರ್ಟ್ ಎಲ್ಲೂ ಬರಲಿಲ್ಲ, ನೋಡಿ.

ಸಂಬಳದ ಮಾತು ಬಂತಲ್ಲ, ಒಂದು ತಮಾಷೆ. ಮಹಾರಾಷ್ಟ್ರದಲ್ಲಿ 2023ರಿಂದ ತಿಂಗಳಿಗೆ 25,000ದವರೆಗೆ ಸಂಬಳ ಇರುವ ಹೆಂಗಸರಿಗೆ ವೃತ್ತಿ ತೆರಿಗೆ ಇಲ್ಲ. ಅದೇ 15,000ಕ್ಕೆ ಹುಡುಗನನ್ನು ಇಟ್ಟರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಹಿಡಿಯಬೇಕು. ಟ್ರಸ್ಟಿಗಳೇ ಸಂಬಳ ತೆಗೆದುಕೊಳ್ಳುವುದಾದರೆ ಮಾತ್ರ ಹುಷಾರು. ಟ್ರಸ್ಟ್ ಡೀಡ್, ಅಂದರೆ ಸಂಸ್ಥೆ ಕಟ್ಟುವಾಗ ಬರೆದ ಪತ್ರ, ಏನು ಹೇಳುತ್ತದೆ ಎಂದು ಮೊದಲು ಓದಿ. ಮಾಡಿದ ಕೆಲಸಕ್ಕೆ ತಕ್ಕಷ್ಟೇ ಇರಬೇಕು, ಅದರ ಠರಾವು ಪುಸ್ತಕದಲ್ಲಿ ಇರಬೇಕು.

ನಮ್ಮ ಅಪ್ಪ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಒಂದು ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಧಣಿಗಳು ಗ್ರೈಂಡರಿನ ಬೆಲ್ಟ್ ಬದಲಿಸುವ ದುಡ್ಡಿನಲ್ಲಿ ಮೇಜುಗಳಿಗೆ ಹೊಸ ಮಾರ್ಬಲ್ ಹಾಕಿಸಿದರಂತೆ. ಗಿರಾಕಿ ಕಣ್ಣಿಗೆ ಕಾಣುವುದು ಮೇಜು ತಾನೇ. ಚೌತಿಯ ಹಿಂದಿನ ರಾತ್ರಿ ಬೆಲ್ಟ್ ತುಂಡಾಯಿತು. ಬೆಳಗಿನ ನಾಲ್ಕಕ್ಕೆ ಅಪ್ಪ ಎರಡು ಬಕೆಟ್ ಹಿಡಿದು ಪಕ್ಕದ ಗಲ್ಲಿಯ ಹೋಟೆಲಿಗೆ ಹಿಟ್ಟು ಕೇಳಲು ಹೋದರು. ಕೊನೆಯವರೆಗೂ ಆ ಕತೆಯನ್ನು ಬಕೆಟ್ ಹಿಡಿದವರ ಹಾಗೆ ಕೈ ಮಾಡಿಯೇ ಹೇಳುತ್ತಿದ್ದರು.

ಈ ಹುಡುಗಿಯರು ಯಾಕೆ ಹೀಗೆ ಮಾಡುತ್ತಾರೆ ಅಂತ ನನಗೂ ತಿಳಿಯಲು ಬಹಳ ದಿನ ಬೇಕಾಯಿತು. ಅಜ್ಞಾನ ಅಂದುಕೊಂಡಿದ್ದೆ. ಅಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಳದ್ದು ಉಂಡು ಬೆಳೆದವರು. ಆಫೀಸಿನಲ್ಲೂ ಅದನ್ನೇ ಮಾಡುತ್ತಾರೆ. ಹೆಂಗಸರ ಮನೆಗೆಲಸಕ್ಕೆ ಬೆಲೆಯಿಲ್ಲ ಎಂದು ಬೆಳಿಗ್ಗೆ ಬಸ್ತಿಯಲ್ಲಿ ಪಾಠ ಮಾಡಿದವಳು ಸಂಜೆ ಪುಕ್ಕಟೆ ಕೂತು ರಿಪೋರ್ಟ್ ಬರೆಯುತ್ತಾಳೆ. ನಾನು ಇದನ್ನು ಹೇಳಿದಾಗ ಅಧ್ಯಕ್ಷೆ ಮುಖ ತಗ್ಗಿಸಿದಳು. ಜೊತೆಗೆ ಬಂದಿದ್ದ ಖಜಾಂಚಿ ಹುಡುಗಿ ಮಾತ್ರ ಪಕ್ಕನೆ ನಕ್ಕಳು. ಅವಳು ಉಳಿಯುತ್ತಾಳೆ ಅಂತ ಆಗಲೇ ಅನ್ನಿಸಿತು.

ದುಡ್ಡು ಕೊಡುವವರದ್ದೂ ತಪ್ಪಿದೆ, ಸುಮ್ನೆ ಹುಡುಗಿಯರ ಮೇಲೆ ಹಾಕಬಾರದು. ಸಂಸ್ಥೆ ಗಟ್ಟಿಯಾಗಲಿ ಅಂತ ಪತ್ರದಲ್ಲಿ ಬರೆಯುತ್ತಾರೆ. ಮೂರು ತಿಂಗಳಿಗೊಮ್ಮೆ ತುಂಬುವ ಫಾರಂನಲ್ಲಿ 'ಎಷ್ಟು ಹುಡುಗಿಯರನ್ನು ತಲುಪಿದಿರಿ' ಎಂದು ಕೇಳುತ್ತಾರೆ. ಲೆಕ್ಕಿಗನನ್ನು ಇಟ್ಟೆವು ಎಂದು ಬರೆಯಲು ಅಲ್ಲಿ ಜಾಗವೇ ಇರುವುದಿಲ್ಲ. ಅಂಥಾ ಫಾರಂ ಬಂದರೆ ಹೆದರಿ ಶಿಬಿರ ಮಾಡಬೇಡಿ, ಫೋನ್ ಮಾಡಿ ಕೇಳಿ. ಖರ್ಚಿನ ಬಾಬತ್ತು ಬದಲಿಸಬೇಕಾದರೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಹೂಂ ಅಂದದ್ದು ಆಡಿಟರಿಗೆ ಕೇಳಿಸುವುದಿಲ್ಲ.

ಇನ್ನು ಹಣ ಎಲ್ಲಿಂದ ಬಂತು ಅನ್ನುವುದು. ಇಲ್ಲಿ ನನ್ನ ಸಲಹೆಗೇ ಒಂದು ಅಡ್ಡಗೋಡೆ ಇದೆ. ವಿದೇಶಿ ದೇಣಿಗೆಯಾದರೆ ಎಫ್‌ಸಿಆರ್‌ಎ ಕಾನೂನು ಬರುತ್ತದೆ. 2020ರ ತಿದ್ದುಪಡಿಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿದರು. ಬಾಡಿಗೆ, ಕರೆಂಟು, ಲೆಕ್ಕ ಬರೆಯುವ ಖರ್ಚು, ವಕೀಲರ ಫೀಸು ಎಲ್ಲ ಅದರೊಳಗೇ. ಅಂದರೆ ಮೇಲೆ ನಾನು ಹೇಳಿದ ಪಟ್ಟಿಯನ್ನು ಹಾಗೇ ವಿದೇಶಿ ದುಡ್ಡಿಗೆ ಹಾಕಿದರೆ ಸಿಕ್ಕಿಬೀಳುತ್ತೀರಿ. ಅದೇ ತಿದ್ದುಪಡಿ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ಮೊದಲೆಲ್ಲ ಮುಂಬಯಿಯ ದೊಡ್ಡ ಸಂಸ್ಥೆಗಳು ಸಣ್ಣ ಗುಂಪುಗಳಿಗೆ ಹೀಗೆ ಹಂಚುತ್ತಿದ್ದವು. ಈಗ ಆಗುವುದಿಲ್ಲ. ನಿಮ್ಮದೇ ನೋಂದಣಿ ಬೇಕೆಂದರೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸ, ಆ ಮೂರು ವರ್ಷದಲ್ಲಿ 15 ಲಕ್ಷದ ಖರ್ಚು ತೋರಿಸಬೇಕು. ಬಸ್ತಿಯ ಗುಂಪಿಗೆ ಅದು ದೂರದ ಮಾತು. ಹಾಗಾಗಿ ದೇಶದೊಳಗಿನ ದುಡ್ಡು ಸಿಕ್ಕಿದಾಗ ಅದನ್ನು ಬ್ಯಾನರಿಗೆ ಸುರಿಯುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಸಿಎಸ್‌ಆರ್ ಬಗ್ಗೆಯೂ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡಿನ ಬಗ್ಗೆಯೂ, ಒಂದು ಗೊಂದಲ ಇದೆ. 'ಶೇ. 5ಕ್ಕಿಂತ ಜಾಸ್ತಿ ಆಡಳಿತ ಖರ್ಚು ಹಾಕುವಂತಿಲ್ಲವಂತೆ' ಎನ್ನುತ್ತಾರೆ. 2021ರ ನಿಯಮದಲ್ಲಿ ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ನಿಮ್ಮ ಲೆಕ್ಕಿಗನಿಗಲ್ಲ. ಕಂಪನಿಯವರು ಒಪ್ಪಂದದಲ್ಲಿ ಬೇರೆ ಮಿತಿ ಹಾಕಿದ್ದರೆ ಅದು ಬೇರೆ ಮಾತು, ಒಪ್ಪಂದ ನೋಡಿ ಹೇಳಬೇಕು. ಮತ್ತೆ ಆ 18,000 ನಗದು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ಧರ್ಮಕಾರ್ಯದ ಖರ್ಚು ಅಂತ ಒಪ್ಪುವುದಿಲ್ಲ. ಊಟ ಬಡಿಸಿದ್ದು ನಿಜವೇ ಆದರೂ.

ಯುವಜನರ ಸಂಸ್ಥೆಗೆ ಇನ್ನೊಂದು ತೊಂದರೆ ಇದೆ. ವಯಸ್ಸು ಯಾರಿಗೂ ನಿಲ್ಲುವುದಿಲ್ಲ. 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ ಯುವಜನ ಅಂದರೆ 15ರಿಂದ 29 ವರ್ಷ. ಶುರು ಮಾಡಿದವರು ಮೂವತ್ತು ದಾಟುತ್ತಾರೆ, ಕೆಲಸ ಸಿಕ್ಕಿ ಹೋಗುತ್ತಾರೆ, ಮದುವೆಯಾಗುತ್ತಾರೆ. ಠಾಣೆಯ ಒಂದು ಗುಂಪಿನಲ್ಲಿ ಬ್ಯಾಂಕಿನ ಒಟಿಪಿ ಬರುತ್ತಿದ್ದದ್ದು ಮೊದಲ ಖಜಾಂಚಿಯ ಮೊಬೈಲಿಗೆ. ಅವಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು, ಒಟಿಪಿಯೂ ಅವಳ ಜೊತೆ ಹೋಯಿತು. ಬಾಡಿಗೆ ಕಟ್ಟಬೇಕಾದಾಗೆಲ್ಲ ಅವಳ ಅತ್ತೆ ಮಲಗುವ ಹೊತ್ತು ನೋಡಿ ಫೋನ್ ಮಾಡುತ್ತಿದ್ದರು.

ಮಹಾರಾಷ್ಟ್ರದಲ್ಲಿ ಟ್ರಸ್ಟಿ ಬದಲಾದರೆ 90 ದಿನದೊಳಗೆ, ಟ್ರಸ್ಟುಗಳ ನೋಂದಣಿ ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಕೊಡದೇ ಬಿಟ್ಟರೆ ದಾಖಲೆಯಲ್ಲಿ ಹಳೆಯವರೇ ಇರುತ್ತಾರೆ. ಬ್ಯಾಂಕ್ ಒಪ್ಪುವುದಿಲ್ಲ, ಎರಡನೇ ಕಂತು ಬರುವುದಿಲ್ಲ. ಇಂಥಾ ಕಾಗದ ಮಾಡಿಸುವುದಕ್ಕೇ ಸಾಮರ್ಥ್ಯವರ್ಧನೆಯ ಗ್ರಾಂಟ್ ಇರುವುದು. ಯಾರೂ ಕೇಳುವುದಿಲ್ಲ, ಫೋಟೋ ಬರುವುದಿಲ್ಲವಲ್ಲ.

ಅಂದಹಾಗೆ ಹತ್ತು ಜನ ಕೆಲಸಕ್ಕಿದ್ದರೆ 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಊರಿಗೆಲ್ಲ ಈ ಕಾನೂನು ಕಲಿಸುವ ಸಂಸ್ಥೆಗಳಲ್ಲೇ ಸಮಿತಿ ಇಲ್ಲದ್ದನ್ನು ನಾನು ಒಂದೆರಡು ಕಡೆ ಅಲ್ಲ, ಬಹಳ ಕಡೆ ನೋಡಿದ್ದೇನೆ.

ಯೆರವಡಾದವರನ್ನು ಆವತ್ತು ಹಾಗೇ ಕಳಿಸಲಿಲ್ಲ. ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿ, ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿಕೊಟ್ಟೆ. ಈ ವರ್ಷದ ಕಂತಿಗೆ ಹೊಸ ಬಜೆಟ್ ಬರೆದು ಕಳಿಸಿ ಎಂದೆ. ಇಪ್ಪತ್ತು ದಿನದ ಮೇಲೆ ವಾಟ್ಸಾಪಿನಲ್ಲಿ ಬಂತು, ಖಜಾಂಚಿಯ ಕೈಬರಹದ ಫೋಟೋ. ಲೆಕ್ಕಿಗ, ಚೇಂಜ್ ರಿಪೋರ್ಟ್, ಸಂಸ್ಥೆಯ ಹೆಸರಲ್ಲೇ ಸಿಮ್ ಕಾರ್ಡ್, ಗೋದ್ರೇಜ್ ಕಪಾಟು. ಕೆಳಗೆ ಸಣ್ಣ ಅಕ್ಷರದಲ್ಲಿ 'ನಮ್ಮ ಊಟ, ಮೀಟಿಂಗ್ ದಿನ' ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಆ ಚಿಹ್ನೆಯ ಮೇಲೆ ಕೆಂಪು ಗೀಟು ಹಾಕಿ ವಾಪಸ್ ಕಳಿಸಿದೆ.

ಟೀ ಶರ್ಟ್ ಇನ್ನೂ ಪಟ್ಟಿಯಲ್ಲಿತ್ತು. ಈ ಸಲ ಹನ್ನೆರಡೇ, ಅವರಿಗಷ್ಟೇ. ಅದನ್ನು ಹೊಡೆಯಲಿಲ್ಲ.