ಕುದಿಯುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅಷ್ಟೇ

ಕಡುಬಿನ ಪಾತ್ರೆಯ ತಳದಲ್ಲಿ ನೀರು ಕೊತಕೊತ ಕುದಿಯುತ್ತಿದೆ. ಬೇಗ ಬೇಯಲಿ ಎಂದು ಉರಿ ಇನ್ನಷ್ಟು ದೊಡ್ಡದು ಮಾಡುತ್ತಾರೆ. ಗ್ಯಾಸ್ ದಂಡ. ಒಮ್ಮೆ ಕುದಿ ಹತ್ತಿದ ನೀರು ಜೋರು ಉರಿಗೆ ಬೇಗ ಬತ್ತುತ್ತದೆ, ಅಷ್ಟೇ. ಒಂದು ಡಿಗ್ರಿಯೂ ಹೆಚ್ಚು ಬಿಸಿಯಾಗುವುದಿಲ್ಲ.

ಅದೂ ಎಲ್ಲ ಕಡೆ ಪಾಠದಲ್ಲಿ ಓದಿದ 100 ಡಿಗ್ರಿ ಅಲ್ಲ. 300 ಮೀಟರ್ ಮೇಲೇರಿದರೆ ಕುದಿಬಿಂದು ಹತ್ತಿರಹತ್ತಿರ 1 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆಯಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 93–94ಕ್ಕೆ. ಅಲ್ಲಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟವರು ಸಂಜೆವರೆಗೆ ಕಾಯಬೇಕಾದೀತು! ಕುಕ್ಕರ್ ಒತ್ತಡ ಏರಿಸಿ ಕುದಿಬಿಂದುವನ್ನೇ 118ರ ಆಸುಪಾಸಿಗೆ ಒಯ್ಯುತ್ತದೆ. ಒತ್ತಡ ಕಟ್ಟಿದ ಮೇಲೆ ಉರಿ ಸಣ್ಣ ಮಾಡಿದರೂ ಒಳಗಿನ ಬಿಸಿ ಅಷ್ಟೇ ಇರುತ್ತದೆ. ಸೀಟಿ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಮೇಲು.

ಹಾಗಾದರೆ ಕೊಟ್ಟ ಶಾಖವೆಲ್ಲ ಎಲ್ಲಿ ಹೋಯಿತು? ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 72 ಕಿಲೋಕ್ಯಾಲೊರಿ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕಾದದ್ದು 540. ಹತ್ತು ನಿಮಿಷಕ್ಕೆ ಕುದಿ ಬಂದಿದ್ದರೆ, ಅದೇ ಉರಿಯಲ್ಲಿ ಪಾತ್ರೆ ಒಣಗಲು ಇನ್ನೂ ಒಂದೂಕಾಲು ಗಂಟೆ! ಹಲಸಿನ ತೊಳೆ ಹಣ್ಣಿನೊಳಗೆ ಅಲುಗಾಡುವುದೇ ಬೇರೆ, ಅಂಟಿನಿಂದ ಕಿತ್ತು ಹೊರಬರುವುದೇ ಬೇರೆ. ನೀರಿನ ಅಣುಗಳಿಗೂ ಕಿತ್ತುಬರುವುದೇ ದುಬಾರಿ. ಆ ಶಾಖ ಎಲ್ಲೂ ಕಳೆದಿಲ್ಲ, ಅಡವು ಇಟ್ಟ ಒಡವೆ ಹಾಗೆ ಆವಿಯೊಳಗಿದೆ. ಆವಿ ಮತ್ತೆ ನೀರಾದ ಗಳಿಗೆ ಇಡುಗಂಟಾಗಿ ವಾಪಸು. ಥರ್ಮಾಮೀಟರಿಗೆ ಸಿಕ್ಕದ ಇದನ್ನು 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅಳೆದ. ಕನ್ನಡದಲ್ಲಿ ಗುಪ್ತೋಷ್ಣ ಎನ್ನುತ್ತೇವೆ. ಅದೇ ಊರಿನಲ್ಲಿ ಸಲಕರಣೆ ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್‌ಗೂ ಇದೇ ತಲೆಬಿಸಿ: ಇಷ್ಟೇ ಇಷ್ಟು ಆವಿ ತನ್ನ ತೂಕದ ಆರರಷ್ಟು ತಣ್ಣೀರನ್ನು ಕುದಿಸುವುದು ಹೇಗೆ? ಉತ್ತರ ಬ್ಲ್ಯಾಕ್ ಬಳಿ ಇತ್ತು.

ಕಡುಬು ಬೇಯುವುದೂ ಹೀಗೇ. ಆವಿ ಉಂಡೆಯ ಮೈಮೇಲೆ ನೀರಾಗುತ್ತ, ಗ್ರಾಂಗೆ 540 ಕ್ಯಾಲೊರಿ ಇಳಿಸಿ ಹೋಗುತ್ತದೆ. ಅದಕ್ಕೇ ನೀರು ಚೆನ್ನಾಗಿ ಕುದ್ದ ಮೇಲೆ ಉಂಡೆ ಇಟ್ಟು, ಆವಿ ನಿಲ್ಲದಷ್ಟು ಉರಿ ಉಳಿಸಿಕೊಂಡರೆ ಸಾಕು. ತಣ್ಣಗಿನ ಮುಚ್ಚಳಕ್ಕೆ ತಾಗಿದ ಆವಿಯೂ ನೀರಾಗುತ್ತದೆ. ಅದು ಕಡುಬಿನ ಮೇಲೆ ತೊಟ್ಟಿಕ್ಕಿದರೆ ಮೇಲ್ಭಾಗ ಪಿಚಪಿಚ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿ; ಅದರ ತುದಿ ಮಾತ್ರ ಒಲೆಯ ಕಡೆ ಜೋತುಬೀಳದಿರಲಿ.

ಇನ್ನು, ಪಾತ್ರೆಯ ಮೇಲೆ ಬೆಳ್ಳಗೆ ಏಳುತ್ತದಲ್ಲ, ಅದು ಆವಿಯೇ ಅಲ್ಲ. ಗಿರಿಯ ಮಂಜಿನ ಹಾಗೆ ಅದು ಆಗಲೇ ಹನಿಯಾದ ನೀರು. ಕೆಟಲ್‌ನ ಮೂತಿಗೂ ಆ ಬಿಳಿಗೂ ನಡುವೆ ಬೆರಳಗಲ ಜಾಗ ಖಾಲಿ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ, ಕೈ ಸುಡುವುದೂ ಅಲ್ಲೇ. ಕಡುಬಿನ ಪಾತ್ರೆಯ ಮುಚ್ಚಳವನ್ನು ಆಚೆ ಬದಿಯಿಂದ ಮೊದಲು ಎತ್ತಿ. ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಪೇಸ್ಟು, ಅರಿಶಿನ ಬೇಡ.