ಐದು ಮೀಟರ್ ಶಾರ್ಕ್, ಬೆರಳುದ್ದದ ಇಲಿ

ಗ್ರೀನ್‌ಲ್ಯಾಂಡ್ ಶಾರ್ಕ್‌ಗೆ ವಯಸ್ಸೆಷ್ಟು ಎಂದು ತಿಳಿಯುವುದೇ ಬಹುಕಾಲ ತಲೆನೋವಾಗಿತ್ತು. ಹೆಚ್ಚಿನ ಮೀನುಗಳ ಕಿವಿಯೊಳಗಿನ ಪುಟ್ಟ ಹರಳುಗಳಲ್ಲಿ, ಮರದ ಕಾಂಡದಲ್ಲಿರುವಂತೆ, ಬಳೆಗಳು ಮೂಡುತ್ತವೆ, ಎಣಿಸಿದರಾಯಿತು. ಈ ಶಾರ್ಕ್‌ನ ಮೆತ್ತನೆಯ ಮೈಯಲ್ಲಿ ಹಾಗೆ ಎಣಿಸಲು ಏನೂ ಸಿಗುವುದಿಲ್ಲ. ಕೊನೆಗೆ ಕೈಹಿಡಿದದ್ದು ಕಣ್ಣು. ಕಣ್ಣಿನ ಮಸೂರದ ನಟ್ಟನಡುವಿನ ಪ್ರೋಟೀನು ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಳ್ಳುತ್ತದೆ, ಮತ್ತೆಂದೂ ಬದಲಾಗುವುದಿಲ್ಲ. ಮಸೂರದ ಪದರಗಳನ್ನು ಒಂದೊಂದಾಗಿ ಸುಲಿದು ಆ ತಿರುಳನ್ನು ತಲುಪಿದರೆ ಹುಟ್ಟಿನ ಕಾಲದ ಇಂಗಾಲ ಅಲ್ಲೇ ಕುಳಿತಿರುತ್ತದೆ. ಅದರಲ್ಲಿನ ಇಂಗಾಲ-14ನ್ನು, ಅಂದರೆ ಕಾಲ ಕಳೆದಂತೆ ತಾನಾಗಿಯೇ ಕಡಿಮೆಯಾಗುವ ವಿಕಿರಣಶೀಲ ಇಂಗಾಲವನ್ನು, ಅಳೆದ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೂಲಿಯಸ್ ನೀಲ್ಸನ್ ತಂಡ 2016ರಲ್ಲಿ 28 ಹೆಣ್ಣು ಶಾರ್ಕ್‌ಗಳ ಲೆಕ್ಕ ಮುಂದಿಟ್ಟಿತು. ಐದು ಮೀಟರ್ ಉದ್ದದ ಅತಿ ದೊಡ್ಡ ಶಾರ್ಕ್‌ಗೆ ಸುಮಾರು 392 ವರ್ಷ. 120 ವರ್ಷ ಆಚೀಚೆ ಆಗಬಹುದು ಎಂದು ಅವರೇ ಹೇಳಿದ್ದಾರೆ. ಕಡಿಮೆಯೆಂದರೂ 272 ಆಯಿತಲ್ಲ! ಮರಿ ಹಾಕುವ ಪ್ರಾಯಕ್ಕೆ ಬರಲೇ ಇದಕ್ಕೆ ಸುಮಾರು 150 ವರ್ಷ ಬೇಕು.

ಆದರೂ ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಈ ಅಜ್ಜಿಯಲ್ಲ. ದೊಡ್ಡ ಪ್ರಾಣಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತವೆ. ಅದರ ಮೇಲೆ ಹಿಮದಷ್ಟು ತಣ್ಣನೆಯ ನೀರು, ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ತುಂಬದ ಬೆಳವಣಿಗೆ, ಆಮೆಯಂಥ ಈಜು. ಎಲ್ಲವೂ ನಿಧಾನವಾದಾಗ ಸಾವೂ ನಿಧಾನವಾದರೆ ಅಷ್ಟೇನೂ ಅಚ್ಚರಿಯಲ್ಲ.

ಪೂರ್ವ ಆಫ್ರಿಕಾದ ನೆಲದಡಿಯ ನೇಕೆಡ್ ಮೋಲ್ ರ‍್ಯಾಟ್‌ಗೆ ಈ ಯಾವ ಅನುಕೂಲವೂ ಇಲ್ಲ. ಬೋಳು ಮೈ, ಸುಕ್ಕುಗಟ್ಟಿದ ಗುಲಾಬಿ ಚರ್ಮ, ತೂಕ 35 ಗ್ರಾಂ ಆಸುಪಾಸು. ಹುಟ್ಟಿದಾಗಲೇ ಮುದಿಯಾದಂತೆ ಕಾಣುವ ಜೀವಿ. ಬಾಚಿಹಲ್ಲುಗಳು ತುಟಿಯ ಹೊರಗಿವೆ, ಹಾಗಾಗಿ ಬಾಯಿ ಮುಚ್ಚಿಕೊಂಡೇ ಮಣ್ಣು ಕೊರೆಯುತ್ತದೆ. ವಾಸ ಬೆಚ್ಚಗಿನ ಬಿಲದಲ್ಲಿ. ಹೆಚ್ಚುಕಡಿಮೆ ಇದೇ ಗಾತ್ರದ ಸುಂಡಿಲಿ ಮೂರು ವರ್ಷ ಬದುಕಿದರೆ ಹೆಚ್ಚು. ಇದು ಮೂವತ್ತು ದಾಟುತ್ತದೆ. ಆಮ್ಲಜನಕವೇ ಇಲ್ಲದೆ 18 ನಿಮಿಷ ತಡೆದುಕೊಳ್ಳುತ್ತದೆ. ಆಗ ಮೈಯ ಎಂದಿನ ಇಂಧನವಾದ ಗ್ಲೂಕೋಸ್ ಬಿಟ್ಟು ಫ್ರಕ್ಟೋಸ್ ಎಂಬ ಇನ್ನೊಂದು ಸಕ್ಕರೆಯನ್ನು ಉರಿಸುತ್ತದೆ.

ಇದರ ವಯಸ್ಸು ತಿಳಿಯಲು ಕಣ್ಣು ಸುಲಿಯಬೇಕಾಗಿಲ್ಲ, ಪ್ರಯೋಗಾಲಯದ ದಾಖಲೆ ಪುಸ್ತಕ ಸಾಕು. ಅಂಥ ಮೂರು ಸಾವಿರಕ್ಕೂ ಹೆಚ್ಚು ಇಲಿಗಳ ದಾಖಲೆ ಜಾಲಾಡಿದ ರೋಶೆಲ್ ಬಫೆನ್‌ಸ್ಟೈನ್ ಮತ್ತು ಸಂಗಡಿಗರು 2018ರಲ್ಲಿ ವಿಚಿತ್ರವೊಂದನ್ನು ವರದಿ ಮಾಡಿದರು. ಮನುಷ್ಯರಾದ ನಮ್ಮಲ್ಲಿ ಮೂವತ್ತರ ನಂತರ ಸಾಯುವ ಸಾಧ್ಯತೆ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಈ ಇಲಿಗಳಲ್ಲಿ ವಯಸ್ಸು ಏರಿದರೂ ಆ ಸಾಧ್ಯತೆ ಏರಲಿಲ್ಲ. ಸಂಶೋಧಕರು ಕೆಲಸಕ್ಕೆ ಸೇರಿದ ವರ್ಷ ಹುಟ್ಟಿದ ಇಲಿಮರಿ, ಅವರ ತಲೆ ನರೆಯುವ ಹೊತ್ತಿಗೂ ಅದೇ ಸುಕ್ಕು ಮೈಯಲ್ಲಿ ಕೊಳವೆಯೊಳಗೆ ಓಡಾಡುತ್ತಿರಬಹುದು.