ಅರ್ಧ ಮುಖದ ಯಜಮಾನರು

ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಜಾಲತಾಣ ಮಾಡಿಕೊಟ್ಟು ತುಮಕೂರಿಗೆ ಮರಳಿದ ಸಂಜೆಯೇ ಯಜಮಾನರ ಫೋನು ಬಂತು. "ಸ್ವಾಮಿ, ಮೊಬೈಲಿನಲ್ಲಿ ನನ್ನ ಮುಖ ಅರ್ಧವೇ ಇದೆಯಲ್ಲ!"

ನೋಡಿದರೆ ಹೌದು. ಮುಖಪುಟದಲ್ಲಿ ತೆಂಗಿನ ತೋಟದ ಅಗಲವಾದ ಚಿತ್ರ, ನಡುವಿನಿಂದ ತುಸು ಬಲಕ್ಕೆ ಅವರು ನಿಂತಿದ್ದರು. 'ಆಬ್ಜೆಕ್ಟ್-ಫಿಟ್: ಕವರ್' ಎಂದು ಪುಟದ ಕೋಡಿನಲ್ಲಿ ಬರೆದವನು ನಾನೇ. ಹಾಗೆಂದರೆ ಬ್ರೌಸರು ಚೌಕಟ್ಟನ್ನು ತುಂಬಿಸಿ, ಹೆಚ್ಚಾದದ್ದನ್ನು ಎರಡೂ ಬದಿಯಿಂದ ಸಮನಾಗಿ ಕತ್ತರಿಸುತ್ತದೆ. ಹೋಗುವುದು ಮರವೋ ಯಜಮಾನರೋ ಎಂದು ಅದಕ್ಕೆ ತಿಳಿಯದು. 'ಆಬ್ಜೆಕ್ಟ್-ಪೊಸಿಷನ್' ಬಳಸಿ ಚಿತ್ರವನ್ನು ಸರಿಸಬಹುದಿತ್ತು. ಆದರೆ ನಾನು 'ಪಿಕ್ಚರ್' ಟ್ಯಾಗಿನ ಮೂಲಕ ಸಣ್ಣ ಪರದೆಗೆಂದೇ ಬೇರೆ ಚಿತ್ರ ಕೊಟ್ಟೆ: ಅವರು, ಪಕ್ಕದಲ್ಲಿ ಒಂದೇ ಮರ. ಕೆಲವು ನಿರ್ಧಾರಗಳನ್ನು ಯಂತ್ರಕ್ಕೆ ಬಿಡಬಾರದು.

ಗೋದಾಮಿನ ಚಿತ್ರಗಳದ್ದು ಬೇರೆ ಕಥೆ. ಅವು ಕತ್ತರಿಸಿಹೋಗಿರಲಿಲ್ಲ, ತೆರೆದುಕೊಳ್ಳುತ್ತಲೇ ಇರಲಿಲ್ಲ. 'ಮ್ಯಾಕ್ಸ್-ವಿಡ್ತ್: 100%' ಬರೆದರೆ ಚಿತ್ರ ಪರದೆಗೆ ಕುಗ್ಗಿ ಕೂರುತ್ತದೆ, ನಿಜ. ಕುಗ್ಗುವುದು ನೋಟ ಮಾತ್ರ, ತೂಕವಲ್ಲ. ಅವರ ಫೋನಿನ ಅಗಲ ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್. ಪರದೆಯ ಚುಕ್ಕಿಗಳ ಸಾಂದ್ರತೆ ಮೂರು ಪಟ್ಟು ಎಂದರೂ 1080 ಸಾಕು. ನಾನು ಕಳಿಸುತ್ತಿದ್ದದ್ದು ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ ಚಿತ್ರ. ಅಗಲ, ಎತ್ತರ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಬೇಕಾದದ್ದಕ್ಕಿಂತ 13 ಪಟ್ಟಿಗೂ ಹೆಚ್ಚು ಚುಕ್ಕಿಗಳು! ಪ್ರತಿ ಚಿತ್ರವನ್ನೂ 480, 1080, 1600 ಅಗಲಗಳಲ್ಲಿ ಉಳಿಸಿ 'ಎಸ್‌ಆರ್‌ಸಿಸೆಟ್'ನಲ್ಲಿ ಪಟ್ಟಿ ಕೊಟ್ಟೆ. ತನಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಜೊತೆಗೆ, ಪುಟದಲ್ಲಿ ಚಿತ್ರಕ್ಕೆ ಎಷ್ಟು ಅಗಲ ಎಂದು ತಿಳಿಸುವ 'ಸೈಜಸ್' ಬರೆಯುವುದನ್ನು ಮರೆತರೆ ಚಿತ್ರವು ಪರದೆಯ ಪೂರ್ತಿ ಅಗಲಕ್ಕೆ ಬರುತ್ತದೆಂದೇ ಅದು ಭಾವಿಸಿ, ಕಂಪ್ಯೂಟರಿನಲ್ಲಿ ಅಂಗೈಯಗಲದ ಚಿತ್ರಕ್ಕೂ ದೊಡ್ಡ ಕಡತವನ್ನು ತರಿಸುತ್ತದೆ.

2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್, ಪರದೆಗೆ ತಕ್ಕಂತೆ ಪುಟವನ್ನು ಹೊಂದಿಸುವ ಈ ಪದ್ಧತಿಗೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂದು ಹೆಸರಿಟ್ಟಾಗ ಹೇಳಿದ್ದು ಮೂರೇ ಸಾಮಗ್ರಿ: ಹಿಗ್ಗಿ ಕುಗ್ಗುವ ಅಂಕಣಗಳು, ಹಾಗೆಯೇ ಚಿತ್ರಗಳು, ಮತ್ತು ಪರದೆಯ ಅಳತೆ ನೋಡಿ ನಿಯಮ ಬದಲಿಸುವ ಮೀಡಿಯಾ ಕ್ವೆರಿ. ಕೆಲಸ ಕಲಿಯಲು ಬರುವ ಹುಡುಗರು ಮೂರನೆಯದನ್ನೇ ಮೊದಲು ಹಿಡಿದು, ಯಾವ ಫೋನಿಗೆ ಯಾವ ಅಳತೆ ಎಂದು ಕೇಳುತ್ತಾರೆ. ಫೋನುಗಳ ಪಟ್ಟಿಗೆ ಕೊನೆಯಿಲ್ಲ. ಬ್ರೌಸರಿನ ಕಿಟಕಿಯನ್ನು ಮೆಲ್ಲನೆ ಕಿರಿದು ಮಾಡುತ್ತಾ ಹೋಗಿ. ಪುಟ ಎಲ್ಲಿ ಅಂದಗೆಡುತ್ತದೋ ಅಲ್ಲಿ ನಿಯಮ ಬರೆಯಿರಿ ಎನ್ನುತ್ತೇನೆ.

ಕನ್ನಡದ ಪುಟಗಳಿಗೆ ಇನ್ನೊಂದು ಕಾಟವಿದೆ. 'ವ್ಯವಸಾಯೋತ್ಪನ್ನಗಳಿಗೆ' ಎಂಬಂಥ ಪದ ದಪ್ಪಕ್ಷರದ ಶೀರ್ಷಿಕೆಯಲ್ಲಿ ಬಂದರೆ ಸಣ್ಣ ಪರದೆಯ ಅಂಚನ್ನು ದಾಟಿ ಇಡೀ ಪುಟವನ್ನೇ ಅಡ್ಡಕ್ಕೆ ಎಳೆಯುತ್ತದೆ. ಅಂಕಣಗಳನ್ನು ಜೋಡಿಸುವ ಗ್ರಿಡ್‌ನಲ್ಲಿ '1ಎಫ್‌ಆರ್' (ಉಳಿದ ಜಾಗದಲ್ಲಿ ಒಂದು ಪಾಲು) ಎಂದು ಬರೆದರೂ ಅಂಕಣವು ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಕನಿಷ್ಠ ಅಗಲ ಸೊನ್ನೆ ಎಂದು ಸ್ಪಷ್ಟವಾಗಿ ತಿಳಿಸಿ, ಉದ್ದದ ಪದವನ್ನು ಮುರಿದು ಮುಂದಿನ ಸಾಲಿಗೆ ಇಳಿಸುವ 'ಓವರ್‌ಫ್ಲೋ-ರ್‍ಯಾಪ್' ಸೇರಿಸಬೇಕು.

ದರಪಟ್ಟಿ ಮಾತ್ರ ಬಗ್ಗಲಿಲ್ಲ. ದಿನಾಂಕ, ಆವಕ, ಕನಿಷ್ಠ, ಗರಿಷ್ಠ, ಕ್ವಿಂಟಲ್ ದರ ಎಲ್ಲವನ್ನೂ 360 ಪಿಕ್ಸೆಲ್ಲಿಗೆ ತುರುಕಿದರೆ ಯಾರಿಗೂ ಓದಲಾಗದು. ಪುಟ ಅಲುಗದೆ ಪಟ್ಟಿಯಷ್ಟೇ ಅಡ್ಡಕ್ಕೆ ಸರಿಯುವಂತೆ, ದಿನಾಂಕದ ಕಾಲಂ ಮಾತ್ರ ಎಡಕ್ಕೆ ಅಂಟಿ ನಿಲ್ಲುವಂತೆ ಮಾಡಿದೆ. ಯಜಮಾನರು ಬೆರಳಾಡಿಸಿ ನೋಡಿ, ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದರು. ಮಾಡಿಕೊಟ್ಟೆ.